ಬರೆದುಕೊಡುವ ಯಂತ್ರ ಬರೆಯದೆ ಬಿಟ್ಟದ್ದು

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗನೋ, ಮಗಳೋ, ಸೊಸೆಯೋ ಒಬ್ಬರಾದರೂ ಇರಬಹುದು. ಅವರ ಕೆಲಸವೇನೆಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ನನ್ನ ಅಮ್ಮಿ ಇಪ್ಪತ್ತು ವರ್ಷಗಳಿಂದ ನನ್ನ ಬಗ್ಗೆ ಒಂದೇ ಮಾತು ಹೇಳುತ್ತಾ ಬಂದಿದ್ದಾರೆ: "ಕಂಪ್ಯೂಟರಿನಲ್ಲಿ ಕೆಲಸ." ಅವರನ್ನು ದೂರುವಂತಿಲ್ಲ. ದರ್ಜಿಯ ತಾಯಿ ಹೊಲಿದ ಕುರ್ತಾ ತೋರಿಸಬಹುದು. ಡಾಕ್ಟರರ ತಾಯಿ ಗುಣವಾದ ರೋಗಿಯನ್ನು ತೋರಿಸಬಹುದು. ನಮ್ಮಂಥವರ ತಾಯಂದಿರಿಗೆ ತೋರಿಸಲು ಏನೂ ಇಲ್ಲ. ರಾತ್ರಿ ಹನ್ನೊಂದಾದರೂ ಉರಿಯುತ್ತಿರುವ ಒಂದು ಪರದೆ, ಅದರ ಮುಂದೆ ಊಟ ಮರೆತು ಕುಳಿತ ಒಂದು ಮುಖ, ಇಷ್ಟೇ ಅವರ ಪಾಲಿಗೆ ಬರುವುದು.

ಆ ಪರದೆಯೊಳಗಿನ ಒಂದು ಸಣ್ಣ ಮೂಲೆಯ ಬಗ್ಗೆ ನಿಮಗೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ವಿಷಯ ಸ್ವಲ್ಪ ಒಣದಾಗಿದೆ, ತಾಳ್ಮೆಯಿಂದ ಓದಿರಿ. ಅದರೊಳಗೆ ಪಿಗ್ಮಿ ಕಟ್ಟುವ ಹೆಂಗಸರ ದುಡ್ಡಿನ ವಿಷಯವೂ, ಭದ್ರಾವತಿಯ ಒಬ್ಬ ಹುಡುಗಿಯ ನೌಕರಿಯ ವಿಷಯವೂ ಇದೆ.

ಮೊದಲು ಆ ಒಣ ಭಾಗವನ್ನು ಮುಗಿಸಿಬಿಡೋಣ. ಮದುವೆಯ ದಾವತ್ ಒಂದನ್ನು ನೆನೆಸಿಕೊಳ್ಳಿ. ಅಡುಗೆಯವರು ಬಂದಿದ್ದಾರೆ, ಬಡಿಸುವವರು ಬಂದಿದ್ದಾರೆ, ಶಾದಿ ಮಹಲಿನ ಬಾಗಿಲು ತೆರೆದಿದೆ. ಆದರೆ ಯಾವ ಕೋಣೆಯಲ್ಲಿ ಹೆಂಗಸರ ಊಟ, ಯಾವ ಬಾಗಿಲಿನಿಂದ ಯಾರು ಬರಬೇಕು, ಉಗ್ರಾಣದ ಬೀಗದ ಕೈ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ಯಾರೋ ಒಬ್ಬರು ಒಂದು ಚೀಟಿಯಲ್ಲಿ ಬರೆದು ಮಹಲಿನ ಮ್ಯಾನೇಜರರಿಗೆ ಕೊಡಬೇಕು. ಮ್ಯಾನೇಜರರಿಗೆ ನಿಮ್ಮ ಸಂಬಂಧಿಕರ ಪರಿಚಯವಿಲ್ಲ, ಚೀಟಿಯಲ್ಲಿದ್ದಂತೆ ನಡೆಸುತ್ತಾರೆ. ಚೀಟಿಯಲ್ಲಿ ಇಲ್ಲದ್ದು ಅವರಿಗೆ ಗೊತ್ತಿಲ್ಲ.

ಜಾವಾ ಎಂಬ ಭಾಷೆಯಲ್ಲಿ ಬರೆದ ದೊಡ್ಡ ಪ್ರೋಗ್ರಾಮುಗಳಿಗೂ ಇಂಥ ಒಂದು ಚೀಟಿ ಇರುತ್ತದೆ. ಅದಕ್ಕೆ ಡಿಪ್ಲಾಯ್‌ಮೆಂಟ್ ಡಿಸ್ಕ್ರಿಪ್ಟರ್ ಎಂದು ಹೆಸರು. ಹೆಸರು ಭಾರವಾಗಿದ್ದರೂ ವಸ್ತು ಚೀಟಿಯೇ. ಜಾವಾವನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ 1995ರಲ್ಲಿ ಹೊರತಂದಿತು. ಬ್ಯಾಂಕು, ವಿಮೆ, ರೈಲು, ಆಸ್ಪತ್ರೆಗಳ ದೊಡ್ಡ ಲೆಕ್ಕಗಳಿಗಾಗಿ ಅದರದ್ದೇ ಒಂದು ವಿಸ್ತಾರವಾದ ಪದ್ಧತಿ ಬೆಳೆಯಿತು. ಪ್ರೋಗ್ರಾಮನ್ನು ಬರೆದು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಕೂರಿಸುವಾಗ ಆ ಚೀಟಿಯನ್ನೂ ಜೊತೆಗೆ ಕಳಿಸಬೇಕು. ಯಾವ ಪುಟ ಯಾವ ಹೆಸರಿನಿಂದ ತೆರೆಯಬೇಕು, ಯಾವ ಪುಟವನ್ನು ಗುಮಾಸ್ತರು ನೋಡಬಹುದು, ಯಾವುದನ್ನು ಮ್ಯಾನೇಜರರು ಮಾತ್ರ ನೋಡಬಹುದು ಎಂಬುದೆಲ್ಲ ಅದರಲ್ಲಿರುತ್ತದೆ.

ನಾನು ಈ ಕೆಲಸಕ್ಕೆ ಸೇರಿದ್ದು 2003ರಲ್ಲಿ. ಆಗ ನಡೆಯುತ್ತಿದ್ದದ್ದು ಎಂಟರ್‌ಪ್ರೈಸ್ ಜಾವಾ ಬೀನ್ ಎಂಬುದರ ಎರಡನೆಯ ಆವೃತ್ತಿ. 2001ರಲ್ಲಿ ಬಂದದ್ದು. ಅದರಲ್ಲಿ ಒಂದು ಸಣ್ಣ ಕೆಲಸ ಸೇರಿಸಬೇಕೆಂದರೂ, ಉದಾಹರಣೆಗೆ ಒಬ್ಬ ಸದಸ್ಯೆಯ ಖಾತೆಯ ಬಾಕಿ ಎಷ್ಟೆಂದು ತೋರಿಸಲಿಕ್ಕೂ, ಕಡಿಮೆಯೆಂದರೆ ಮೂರು ಕಡತ ಬರೆಯಬೇಕಿತ್ತು. ಅದರ ಮೇಲೆ ಚೀಟಿಯಲ್ಲೊಂದು ನಮೂದು, ಸರ್ವರ್ ಮಾಡಿದ ಕಂಪೆನಿಯವರ ಪ್ರತ್ಯೇಕ ಚೀಟಿಯಲ್ಲಿ ಇನ್ನೊಂದು ನಮೂದು. ಅದೇ ಹೆಸರನ್ನು ಐದು ಕಡೆ ಅಕ್ಷರವೂ ತಪ್ಪದಂತೆ ಬರೆಯಬೇಕು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು ಎಂದಾಗ ಕಚೇರಿಯಲ್ಲಿ ನಮಗೆ ಆಗುವ ಪಾಡು ನಿಮಗೆ ಗೊತ್ತಲ್ಲ? ಅದೇ ಪಾಡು.

ಬೇಸತ್ತ ಜನ ಒಂದು ಉಪಾಯ ಕಂಡುಕೊಂಡರು. ಸ್ವೀಡನ್ ದೇಶದ ರಿಕಾರ್ಡ್ ಓಬರ್ಗ್ ಎಂಬ ಪ್ರೋಗ್ರಾಮರ್ ಒಂದು ಪುಟ್ಟ ಸಾಧನ ಮಾಡಿದರು. ಅದು ಬೆಳೆದು ಎಕ್ಸ್‌ಡಾಕ್ಲೆಟ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯತೊಡಗಿತು. ಮೂಲ ಕಡತದ ತಲೆಯ ಮೇಲೆ, ಓದುವವರ ತಿಳಿವಳಿಕೆಗಾಗಿ ನಾವು ಬರೆಯುವ ಟಿಪ್ಪಣಿಯೊಳಗೆ, ಅದಕ್ಕೆ ಅರ್ಥವಾಗುವ ಕೆಲವು ಗುರುತುಗಳನ್ನು ಹಾಕಿದರೆ ಸಾಕು. ಅದು ಆ ಗುರುತುಗಳನ್ನು ಓದಿ ಉಳಿದ ಕಡತಗಳನ್ನೂ ಚೀಟಿಗಳನ್ನೂ ತಾನೇ ಬರೆದುಕೊಡುತ್ತಿತ್ತು. ಮೊದಲ ಸಲ ಅದನ್ನು ನೋಡಿದ ದಿನ ನನಗಾದ ಸಂತೋಷ, ರುಬ್ಬುವ ಕಲ್ಲಿನ ಮನೆಗೆ ಮಿಕ್ಸಿ ಬಂದ ದಿನದ ಸಂತೋಷದಂಥದ್ದು. ಮಿಕ್ಸಿ ಕೆಟ್ಟ ದಿನ ಏನಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಅಬ್ಬಾ ಭದ್ರಾವತಿಯವರು. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಆ ಊರಿನಲ್ಲಿ ಮನೆಗೊಬ್ಬರು ಬೆಂಕಿಯ ಕೆಲಸ ಬಲ್ಲವರಿದ್ದರು. ಅಬ್ಬಾ ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದರು. ಪ್ಯಾಟರ್ನ್ ಎಂದರೆ ಮರದ ಅಚ್ಚು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅದರ ಆಕಾರದ ಕುಳಿ ಉಳಿಯುತ್ತದೆ. ಆ ಕುಳಿಗೆ ಕರಗಿದ ಕಬ್ಬಿಣ ಸುರಿದರೆ ಎರಕ ಸಿದ್ಧ. ಎರಕದ ಅಂಚು ಉಬ್ಬಿ ಬಂದರೆ ಹೊಸ ಹುಡುಗರು ಅರ ಹಿಡಿದು ಉಜ್ಜಲು ಕೂರುತ್ತಿದ್ದರಂತೆ. ಅಬ್ಬಾ ಬೈಯುತ್ತಿದ್ದರು. "ಇದನ್ನು ಉಜ್ಜಿದೆ, ಸರಿ. ನಾಳೆ ನೂರು ಬರುತ್ತವೆ, ನೂರನ್ನೂ ಉಜ್ಜುತ್ತೀಯಾ? ಹೋಗಿ ಅಚ್ಚು ನೋಡು."

ಎಕ್ಸ್‌ಡಾಕ್ಲೆಟ್ ಕಲಿಸಿದವರು ಬೆಂಗಳೂರಿನಲ್ಲಿ ನಮಗೆ ಕೊಟ್ಟ ಮೊದಲ ಎಚ್ಚರಿಕೆಯೂ ಇದೇ ಆಗಿತ್ತು. ಯಂತ್ರ ಬರೆದುಕೊಟ್ಟ ಕಡತವನ್ನು ಕೈಯಿಂದ ತಿದ್ದಬೇಡಿ, ಮುಂದಿನ ಸಲ ಅದು ಹೊಸದಾಗಿ ಬರೆಯುವಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ ಎಂದು. ತರಗತಿಯಲ್ಲಿದ್ದ ಉಳಿದವರು ಬರೆದುಕೊಂಡರು. ನಾನು ಚಿಕ್ಕಂದಿನಲ್ಲೇ ಕೇಳಿದ್ದ ಮಾತು, ಬರೆದುಕೊಳ್ಳುವ ಅಗತ್ಯ ಬೀಳಲಿಲ್ಲ.

ಈಗ ನನ್ನ ಆಪಾರ ಮಗಳ ವಿಷಯಕ್ಕೆ ಬರುತ್ತೇನೆ. ಆಪಾ ಭದ್ರಾವತಿಯಲ್ಲೇ ಇದ್ದಾರೆ. ದುಲ್ಹಾಭಾಯಿಯವರ ಕೆಲಸ ನಿಂತು ಕೆಲವು ವರ್ಷಗಳಾದವು. ಮನೆಯಲ್ಲಿ ಸಂಬಳ ತರುವವಳು ಈ ಹುಡುಗಿ ಒಬ್ಬಳೇ. ಇಂಜಿನಿಯರಿಂಗ್ ಮುಗಿಸಿ 2024ರಲ್ಲಿ ಶಿವಮೊಗ್ಗದ ಒಂದು ಸಣ್ಣ ಕಂಪೆನಿಗೆ ಸೇರಿದಳು. ಬೆಂಗಳೂರಿಗೆ ಹೋಗಬಹುದಿತ್ತು, ಆದರೆ ಆಪಾರಿಗೆ ಆಗಾಗ ಉಬ್ಬಸ ಬರುತ್ತದೆ, ಬಿಟ್ಟು ಹೋಗಲು ಆಕೆಗೆ ಮನಸ್ಸಾಗಲಿಲ್ಲ. ಶಿವಮೊಗ್ಗಕ್ಕೂ ಭದ್ರಾವತಿಗೂ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಮಾಚೇನಹಳ್ಳಿ, ನಿದಿಗೆ ದಾಟಿ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ತಡವಾದ ರಾತ್ರಿ ಶಿವಮೊಗ್ಗದ ನಮ್ಮ ಮನೆಯಲ್ಲೇ ಉಳಿದುಕೊಳ್ಳುತ್ತಾಳೆ. ಆರು ತಿಂಗಳ ಪ್ರೊಬೇಷನ್. ಆರು ತಿಂಗಳ ಕೊನೆಗೆ ಇರು ಎನ್ನುತ್ತಾರೋ ಹೋಗು ಎನ್ನುತ್ತಾರೋ ಎಂಬುದರ ಮೇಲೆ ಮನೆಯ ಬಾಡಿಗೆ, ತಮ್ಮನ ಪಿಯುಸಿ ಫೀಸು, ಆಪಾರ ಔಷಧಿ ಎಲ್ಲ ನಿಂತಿತ್ತು.

ಆ ಕಂಪೆನಿಯವರು ಆಕೆಗೆ ಕೊಟ್ಟದ್ದು ಅಲ್ಲಿ ಯಾರೂ ಮುಟ್ಟಲು ಒಪ್ಪದ ಕೆಲಸವನ್ನು. ಒಂದು ಪತ್ತಿನ ಸಹಕಾರ ಸಂಘದ ಲೆಕ್ಕದ ಪ್ರೋಗ್ರಾಮು ಅದು. 2005ರಲ್ಲಿ ಯಾರೋ ಬರೆದದ್ದು, ಇಂದಿಗೂ ಓಡುತ್ತಿದೆ. ಹಾಗೆ ನೋಡಿದರೆ ಎಕ್ಸ್‌ಡಾಕ್ಲೆಟ್‌ನ ಕಾಲ ಎಂದೋ ಮುಗಿದುಹೋಗಿದೆ. 2004ರಲ್ಲಿ ಬಂದ ಜಾವಾ 5ರಲ್ಲಿ ಆ ಗುರುತುಗಳನ್ನು ಟಿಪ್ಪಣಿಯಲ್ಲಲ್ಲ, ಭಾಷೆಯೊಳಗೇ ಬರೆಯುವ ವ್ಯವಸ್ಥೆ ಆಯಿತು. 2006ರಲ್ಲಿ ದೊಡ್ಡ ಜಾವಾ ಪದ್ಧತಿಯೂ ಅದನ್ನು ಸ್ವೀಕರಿಸಿತು. ಹೊಸ ಪ್ರೋಗ್ರಾಮುಗಳಲ್ಲಿ ಚೀಟಿ ಬಹುಪಾಲು ಬೇಡವೇ ಆಯಿತು. ಆದರೆ ಹಳೆಯ ಮನೆಗಳನ್ನು ಯಾರು ಕೆಡವುತ್ತಾರೆ? ಸೋರಿದಲ್ಲಿ ಹೆಂಚು ಬದಲಿಸುತ್ತಾ ಇರುತ್ತಾರೆ. ಇಂಥ ಹೆಂಚು ಬದಲಿಸುವ ಕೆಲಸವೇ ಈಗ ಎಷ್ಟೋ ಮಕ್ಕಳ ಅನ್ನ.

ಸಂಘದವರ ಬೇಡಿಕೆ ಒಳ್ಳೆಯದೇ ಆಗಿತ್ತು. ಪಿಗ್ಮಿ ಕಟ್ಟುವವರಿಗೆ ಕೊಡುವ ರಸೀದಿ ಅದುವರೆಗೆ ಇಂಗ್ಲಿಷಿನಲ್ಲಿತ್ತು, ಅದು ಕನ್ನಡದಲ್ಲಿ ಬರಬೇಕು. ಪಿಗ್ಮಿ ನಮ್ಮ ಕರಾವಳಿಯಲ್ಲಿ ಹುಟ್ಟಿದ್ದು. ಸಿಂಡಿಕೇಟ್ ಬ್ಯಾಂಕ್ ಎಂದು ಮುಂದೆ ಹೆಸರಾದ ಸಂಸ್ಥೆ 1928ರಲ್ಲಿ ಅದನ್ನು ಆರಂಭಿಸಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನದ ಸಣ್ಣ ಉಳಿತಾಯವನ್ನು ಪಡೆಯುವ ಈ ಪದ್ಧತಿ ಎಷ್ಟು ಹೆಂಗಸರ ಕೈ ಹಿಡಿದಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೂ ಕಟ್ಟುವವರು, ಬೀಡಿ ಸುತ್ತುವವರು, ತರಕಾರಿ ಮಾರುವವರು ಐವತ್ತು ನೂರು ಎಂದು ಕೊಟ್ಟದ್ದು ಅದರಲ್ಲಿರುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ರಸೀದಿಯಲ್ಲಿ ಎಷ್ಟು ಬರೆದಿದೆಯೆಂದು ಸ್ವತಃ ಓದಿಕೊಳ್ಳುವುದು ಸಣ್ಣ ಮಾತಲ್ಲ.

ಮೊದಲ ದಿನವೇ ತೊಡಕು. ಹುಡುಗಿ ಹೊಸ ರಸೀದಿಯ ಪುಟ ಬರೆದಳು, ಗುರುತುಗಳನ್ನು ಹಾಕಿದಳು, ಯಂತ್ರ ಓಡಿಸಿದಳು. "ಯಶಸ್ವಿ" ಎಂದು ಪರದೆಯ ಮೇಲೆ ಬಂತು. ಚೀಟಿ ತೆರೆದು ನೋಡಿದರೆ ಹೊಸ ಪುಟದ ಹೆಸರೇ ಇಲ್ಲ. ಮತ್ತೆ ಓಡಿಸಿದಳು. ಮತ್ತೆ ಯಶಸ್ವಿ, ಮತ್ತೆ ಇಲ್ಲ. ತಪ್ಪು ಎಂದು ಹೇಳುವ ಯಂತ್ರದೊಡನೆ ಜಗಳವಾಡಬಹುದು. ಎಲ್ಲ ಸರಿಯಾಗಿದೆ ಎಂದು ನಗುತ್ತಾ ಏನೂ ಮಾಡದ ಯಂತ್ರದೊಡನೆ ಏನು ಮಾಡುವುದು? ರಾತ್ರಿ ನಮ್ಮ ಮನೆಗೆ ಬಂದವಳು ಊಟದ ತಟ್ಟೆಯ ಮುಂದೆ ಕೂತು, "ಖಾಲಾ, ನನಗೆ ಈ ಕೆಲಸ ಬರುವುದಿಲ್ಲವೇನೋ" ಎಂದಳು.

"ಮೊದಲು ಊಟ ಮಾಡು ಬೇಟಾ. ಆಮೇಲೆ ಆ ಎರಡು ಕಡತಗಳ ತಾರೀಕು ಏನಿತ್ತು ಹೇಳು" ಎಂದೆ.

ಆಕೆ ತಾರೀಕು ನೋಡಿರಲಿಲ್ಲ. ಮರುದಿನ ನೋಡಿ ಫೋನ್ ಮಾಡಿದಳು. ಆ ದಿನವಷ್ಟೇ ಬರೆದ ಕಡತದ ತಾರೀಕು 2009ರ ಜನವರಿ 1!

ವಿಷಯ ಇಷ್ಟು. ಸಂಘದ ಲೆಕ್ಕಗಳಿರುವ ಕಾರಣ ಆ ಹಳೆಯ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಟ್ಟಿರಲಿಲ್ಲ. ಅದರೊಳಗೆ ಗಡಿಯಾರ ನಡೆಸುವ ಒಂದು ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದು ಸತ್ತುಹೋಗಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗಿ ಕೂರುತ್ತಿತ್ತು. ಎಕ್ಸ್‌ಡಾಕ್ಲೆಟ್ ಸಮಯ ಉಳಿಸಲೆಂದು ಎರಡು ತಾರೀಕುಗಳನ್ನು ಹೋಲಿಸಿ ನೋಡುತ್ತದೆ. ತಾನು ಹಿಂದೆ ಬರೆದ ಚೀಟಿ ಮೂಲ ಕಡತಕ್ಕಿಂತ ಹೊಸದಾಗಿದ್ದರೆ, ಏನೂ ಬದಲಾಗಿಲ್ಲ ಎಂದು ತಿಳಿದು ಕೈ ಕಟ್ಟಿ ಕೂರುತ್ತದೆ. ಚೀಟಿಯ ತಾರೀಕು 2019. ಹುಡುಗಿಯ ಹೊಸ ಕಡತ ಅದರ ಲೆಕ್ಕದಲ್ಲಿ ಹತ್ತು ವರ್ಷ ಹಳೆಯದು! ಯಂತ್ರದ ದೃಷ್ಟಿಯಿಂದ ಅದು ಮಾಡಿದ್ದು ಸರಿಯೇ.

ಬ್ಯಾಟರಿ ಬದಲಾಯಿತು, ತಾರೀಕು ಸರಿಯಾಯಿತು. ತಾರೀಕು ನೋಡದೆ ಎಲ್ಲವನ್ನೂ ಹೊಸದಾಗಿ ಬರೆ ಎಂದು ಹೇಳುವ ಒಂದು ಆಜ್ಞೆಯೂ ಆ ಸಾಧನಕ್ಕಿದೆ, ಒಂದು ಸಲಕ್ಕೆ ಅದನ್ನು ಕೊಡು ಎಂದು ನಾನೇ ಹೇಳಿಕೊಟ್ಟೆ. ಹೊಸ ಪುಟ ಚೀಟಿಯಲ್ಲಿ ಬಂತು. ಈ ಆಜ್ಞೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎರಡನೆಯ ತೊಡಕು ಕನ್ನಡದ್ದು. ರಸೀದಿಯ ತಲೆಬರಹದಲ್ಲಿ ಸಂಘದ ಹೆಸರು ಇರಬೇಕಾದಲ್ಲಿ ಪ್ರಶ್ನೆಯ ಚಿಹ್ನೆಗಳ ಸಾಲು. ಇದು ನಿಮ್ಮ ಮೊಬೈಲಿನಲ್ಲೂ ಒಮ್ಮೆಯಾದರೂ ಬಂದಿರಬಹುದು. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯನ್ನು ಬಿಟ್ಟುಕೊಟ್ಟಿದ್ದಾರೆ. ಯುಟಿಎಫ್-8 ಎಂಬ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ಹುಡುಗಿ ತನ್ನ ಕಡತವನ್ನು ಯುಟಿಎಫ್-8ರಲ್ಲೇ ಉಳಿಸಿದ್ದಳು. ಆದರೆ ಹಳೆಯ ಜಾವಾ, ಬೇರೆ ಹೇಳದಿದ್ದರೆ, ಆ ಕಂಪ್ಯೂಟರಿನ ರೂಢಿಯ ಕ್ರಮದಲ್ಲಿ ಓದಿ ಬರೆಯುತ್ತದೆ. ವಿಂಡೋಸಿನ ಆ ರೂಢಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಎಲ್ಲ ಕಡೆ ಯುಟಿಎಫ್-8 ಎಂಬುದೇ ರೂಢಿಯಾದದ್ದು 2022ರ ಜಾವಾ 18ರಿಂದ. ಓದುವಾಗ ಒಂದು ಕಡೆ, ಅನುವಾದಿಸುವಾಗ ಒಂದು ಕಡೆ, ಚೀಟಿ ಬರೆಯುವಾಗ ಒಂದು ಕಡೆ, ಮೂರು ಕಡೆಯೂ ಯುಟಿಎಫ್-8 ಎಂದು ಬರೆದು ಹೇಳಬೇಕಾಯಿತು. ಒಂದೇ ಕಡೆ ಮರೆತರೂ ಪ್ರಶ್ನೆಚಿಹ್ನೆಯೇ. ಇದಕ್ಕೆ ಒಂದೂವರೆ ದಿನ ಹಿಡಿಯಿತು. ಹೆಚ್ಚು ವಿವರಿಸಿ ನಿಮ್ಮನ್ನು ದಣಿಸುವುದಿಲ್ಲ.

ನಡುವೆ ಪಕ್ಕದ ಮೇಜಿನ ಹುಡುಗ ಸಹಾಯಕ್ಕೆ ಬಂದ. ಈಗ ಕೇಳಿದ್ದನ್ನೆಲ್ಲ ಬರೆದುಕೊಡುವ ಕೃತಕ ಬುದ್ಧಿಮತ್ತೆ ಇದೆಯಲ್ಲ, ಇಷ್ಟೊಂದು ಕಷ್ಟಪಡುವುದೇಕೆ ಎಂದು ತನ್ನ ಫೋನಿನಲ್ಲಿ ಕೇಳಿ ಇಡೀ ಚೀಟಿಯನ್ನು ಅರೆ ನಿಮಿಷದಲ್ಲಿ ಬರೆಸಿಕೊಟ್ಟ. ನೋಡಲು ಬಹಳ ಅಚ್ಚುಕಟ್ಟು. ಆದರೆ ಅದು ಇಂದಿನ ಸರ್ವರುಗಳ ಚೀಟಿ. ಸನ್ ಕಂಪೆನಿಯನ್ನು 2010ರಲ್ಲಿ ಒರಾಕಲ್ ಕೊಂಡುಕೊಂಡಿತು. ಈ ದೊಡ್ಡ ಜಾವಾ ಪದ್ಧತಿಯನ್ನು ಒರಾಕಲ್ ಎಕ್ಲಿಪ್ಸ್ ಫೌಂಡೇಶನ್‌ಗೆ ಬಿಟ್ಟುಕೊಟ್ಟಿತು. 2018ರಲ್ಲಿ ಅದಕ್ಕೆ ಜಕಾರ್ತಾ ಎಂದು ಹೊಸ ಹೆಸರಾಯಿತು. 2020ರ ಆವೃತ್ತಿಯಲ್ಲಿ ಜಾವಾಎಕ್ಸ್ ಎಂದು ಆರಂಭವಾಗುತ್ತಿದ್ದ ಹೆಸರುಗಳೆಲ್ಲ ಜಕಾರ್ತಾ ಎಂದು ಆರಂಭವಾಗತೊಡಗಿದವು. ಹಳೆಯ ಸರ್ವರಿಗೆ ಆ ಹೆಸರೇ ತಿಳಿಯದು. ನಲವತ್ತು ವರ್ಷ ಹಿಂದಿನ ವಿಳಾಸದಲ್ಲಿರುವ ಮುದುಕರಿಗೆ ಹೊಸ ಬಡಾವಣೆಯ ಹೆಸರು ಬರೆದು ಕಾಗದ ಹಾಕಿದಂತೆ. ನಾನು ಆ ಸಾಧನಗಳನ್ನು ತೆಗಳುವುದಿಲ್ಲ, ಸ್ವತಃ ಬಳಸುತ್ತೇನೆ. ನಿಮ್ಮ ಮನೆಯ ಹಂಡೆ ಎಷ್ಟು ಹಳೆಯದೆಂದು ಹೇಳದಿದ್ದರೆ ಅದು ಹೊಸ ಹಂಡೆಯ ಮುಚ್ಚಳ ತಂದುಕೊಡುತ್ತದೆ, ಅಷ್ಟೆ. ಎಕ್ಸ್‌ಡಾಕ್ಲೆಟ್ ಆದರೋ ಪೆದ್ದು ಯಂತ್ರ, ಕೊಟ್ಟ ಗುರುತಿಗೆ ಯಾವಾಗಲೂ ಒಂದೇ ಉತ್ತರ. ನನಗೆ ಆ ಪೆದ್ದುತನದ ಮೇಲೆ ಈಗಲೂ ಸ್ವಲ್ಪ ಪ್ರೀತಿ ಇದೆ.

ಶುಕ್ರವಾರ ಮಧ್ಯಾಹ್ನ ಎಲ್ಲ ಸರಿಯಾಗಿತ್ತು. ಪ್ರಶ್ನೆಚಿಹ್ನೆ ಹೋಗಿ ಕನ್ನಡ ಬಂದಿತ್ತು. ಸಂಜೆ ಸರ್ವರಿಗೆ ಏರಿಸಿ ಸೋಮವಾರದಿಂದ ಹೊಸ ರಸೀದಿ ಎಂದು ಸಂಘದವರಿಗೆ ಕಚೇರಿಯಿಂದ ಮಾತು ಕೊಟ್ಟಾಗಿತ್ತು. ಹುಡುಗಿ ಕೊನೆಯ ಪರೀಕ್ಷೆಗೆಂದು ಒಬ್ಬ ಸಾಮಾನ್ಯ ಗುಮಾಸ್ತರ ಹೆಸರಿನಲ್ಲಿ ಒಳಗೆ ಹೋಗಿ ಒಂದೊಂದೇ ಪುಟ ತೆರೆಯುತ್ತಾ ಬಂದಳು. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ರಸೀದಿ ರದ್ದು ಮಾಡುವ ಪುಟವೂ ತೆರೆದುಕೊಂಡಿತು.

ನೀವೇ ಯೋಚಿಸಿ. ಪಿಗ್ಮಿ ಕಟ್ಟಿದ ಹೆಂಗಸಿಗೆ ರಸೀದಿ ಕೊಟ್ಟ ಮೇಲೆ ಹಿಂದಿನಿಂದ ಅದನ್ನು ರದ್ದು ಮಾಡಿದರೆ ಆ ದಿನದ ಹಣ ಲೆಕ್ಕದಲ್ಲಿಲ್ಲ. ವರ್ಷದ ಕೊನೆಗೆ ಹಣ ತೆಗೆಯಲು ಬಂದಾಗಲೇ ತಿಳಿಯುವುದು, ಅದೂ ಎಲ್ಲ ರಸೀದಿಗಳನ್ನು ಕಟ್ಟಿಟ್ಟುಕೊಂಡಿದ್ದರೆ. ಆ ಪುಟ ಮ್ಯಾನೇಜರರಿಗೆ ಮಾತ್ರ ತೆರೆಯಬೇಕು. ಓಡುತ್ತಿದ್ದ ಹಳೆಯ ಪ್ರೋಗ್ರಾಮಿನಲ್ಲಿ ಹಾಗೆಯೇ ಇತ್ತು. ಹೊಸದರಲ್ಲಿ ಏಕಿಲ್ಲ?

ಸರ್ವರಿನಲ್ಲಿ ಓಡುತ್ತಿದ್ದ ಹಳೆಯ ಚೀಟಿಯನ್ನೂ ತನ್ನ ಹೊಸ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದಳು. ಹಳೆಯದರಲ್ಲಿದ್ದ 12 ಸಾಲು ಹೊಸದರಲ್ಲಿ ಇರಲಿಲ್ಲ. ಒಂಬತ್ತು ಸಾಲು "ಈ ಪುಟ ಮ್ಯಾನೇಜರರಿಗೆ ಮಾತ್ರ" ಎಂಬ ನಿರ್ಬಂಧ. ಉಳಿದ ಮೂರು, ಮ್ಯಾನೇಜರ್ ಎಂಬ ಒಂದು ಪಾತ್ರ ಇದೆ ಎಂಬ ಘೋಷಣೆ. 2019ರಲ್ಲಿ ಯಾರೋ ತುರ್ತಿನಲ್ಲಿ, ಮೂಲದಲ್ಲಿ ಗುರುತು ಹಾಕದೆ, ಯಂತ್ರ ಬರೆದ ಚೀಟಿಯನ್ನೇ ಕೈಯಿಂದ ತಿದ್ದಿ ಸೇರಿಸಿಬಿಟ್ಟಿದ್ದರು. ಆ ನಂತರ ಯಂತ್ರವನ್ನು ಯಾರೂ ಓಡಿಸಿರಲಿಲ್ಲ. ಐದು ವರ್ಷ ಆ 12 ಸಾಲುಗಳು ಯಾರ ಕಣ್ಣಿಗೂ ಬೀಳದೆ ಹೆಂಗಸರ ಹಣ ಕಾಯುತ್ತಾ ಕುಳಿತಿದ್ದವು. ನಮ್ಮ ಆಜ್ಞೆಯಂತೆ ಯಂತ್ರ ಎಲ್ಲವನ್ನೂ ಹೊಸದಾಗಿ ಬರೆದಾಗ ಅವು ಹೋದವು. ಯಂತ್ರ ಒಂದು ಎಚ್ಚರಿಕೆಯ ಮಾತನ್ನೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಆ ಸಾಲುಗಳು ಅಲ್ಲಿದ್ದುದೇ ಅದಕ್ಕೆ ಗೊತ್ತಿಲ್ಲ. ಚೀಟಿಯಲ್ಲಿ ನಿರ್ಬಂಧ ಇಲ್ಲದ ಪುಟವನ್ನು ಸರ್ವರ್ ಯಾರು ಕೇಳಿದರೂ ತೆರೆದುಕೊಡುತ್ತದೆ.

ಆಕೆ ಮೇಲಿನವರಿಗೆ ಹೇಳಿದಳು. ಅವರು, "ಆ 12 ಸಾಲನ್ನು ಹಾಗೆಯೇ ಹೊಸ ಚೀಟಿಗೆ ಅಂಟಿಸಿ ಏರಿಸಿಬಿಡಮ್ಮ, ಐದು ನಿಮಿಷದ ಕೆಲಸ" ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಕೊಟ್ಟ ಮಾತು, ಶುಕ್ರವಾರ ಸಂಜೆ, ಗಿರಾಕಿ ಕಾಯುತ್ತಿದ್ದಾನೆ. ಅಂಟಿಸಿದ್ದರೆ ಅಂದಿಗೆ ಎಲ್ಲವೂ ಸರಿಯಾಗುತ್ತಿತ್ತು. ಮುಂದೆ ಇನ್ನಾರೋ ಯಂತ್ರ ಓಡಿಸುವವರೆಗೆ.

ಹುಡುಗಿ ಬಸ್ ನಿಲ್ದಾಣಕ್ಕೆ ಬಂದು ಅಲ್ಲಿಂದ ನನಗೆ ಫೋನ್ ಮಾಡಿದಳು. ಸುತ್ತ ಗದ್ದಲ, ಆಕೆಯ ದನಿ ಸಣ್ಣದಾಗಿತ್ತು. "ಖಾಲಾ, ನಾನು ಆಗುವುದಿಲ್ಲ ಎಂದುಬಿಟ್ಟೆ. ಸೋಮವಾರದವರೆಗೆ ಸಮಯ ಕೊಡಿ, ಆಗ ಏರಿಸುತ್ತೇನೆ ಎಂದೆ. ಅವರು ಏನೂ ಹೇಳದೆ ಎದ್ದು ಹೋದರು. ನಾನು ಮಾಡಿದ್ದು ಸರಿಯಾ?"

ನಾನು ಒಡನೆ ಉತ್ತರ ಕೊಡಲಿಲ್ಲ. ಪ್ರೊಬೇಷನ್ ಮುಗಿಯಲು ಮೂರು ವಾರ ಉಳಿದಿತ್ತು. ಸರಿ ಎಂದು ಹೇಳುವುದು ನನಗೆ ಸುಲಭ, ಬಾಡಿಗೆ ಕಟ್ಟುವವಳು ನಾನಲ್ಲ. "ನಿನ್ನ ನಾನಾ ಇದ್ದಿದ್ದರೆ ಅಚ್ಚು ನೋಡು ಎನ್ನುತ್ತಿದ್ದರು" ಎಂದಷ್ಟೇ ಹೇಳಿದೆ. "ಶನಿವಾರ ಬೆಳಿಗ್ಗೆ ಬಾ, ಮೂಲ ಕಡತಗಳನ್ನು ಕಚೇರಿಯವರಲ್ಲಿ ಕೇಳಿಯೇ ಲ್ಯಾಪ್‌ಟಾಪಿಗೆ ತೆಗೆದುಕೊಂಡು ಬಾ."

ಶನಿವಾರ ಬಂದಳು. ಈ ಸಾಧನ ಮಾಡಿದವರು ಇಂಥ ಸಂದರ್ಭವನ್ನು ಮೊದಲೇ ಊಹಿಸಿದ್ದರು. ಗುರುತುಗಳಲ್ಲಿ ಹೇಳಲಾಗದ ಸಾಲುಗಳಿಗಾಗಿ ಒಂದು ಪ್ರತ್ಯೇಕ ಫೋಲ್ಡರ್ ಇಡಬಹುದು. ಯಂತ್ರ ಚೀಟಿ ಬರೆಯುವಾಗ ಆ ಫೋಲ್ಡರಿನಲ್ಲಿರುವ ತುಂಡುಗಳನ್ನು ತಂದು ತಾನೇ ಸೇರಿಸಿಕೊಳ್ಳುತ್ತದೆ. ಹುಡುಗಿ 12 ಸಾಲನ್ನೂ ಒಂದೇ ತುಂಡಾಗಿ ಅಲ್ಲಿ ಹಾಕಿದಳು. ಸರ್ವರ್ ಒಪ್ಪಲಿಲ್ಲ. ಉದ್ದವಾದ ಒಂದು ಇಂಗ್ಲಿಷ್ ವಾಕ್ಯ ಉಗುಳಿತು. ಈ ಸಲ ಆಕೆ ಹೆದರಲಿಲ್ಲ, ವಾಕ್ಯವನ್ನು ಕೊನೆಯವರೆಗೂ ಓದಿದಳು. ಅದರಲ್ಲೇ ಉತ್ತರವಿತ್ತು. ಆ ಕಾಲದ ಚೀಟಿಯಲ್ಲಿ, ಅಂದರೆ 2.3 ಎಂಬ ಆವೃತ್ತಿಯಲ್ಲಿ, ಯಾವುದರ ನಂತರ ಯಾವುದು ಬರಬೇಕು ಎಂಬುದೂ ನಿಗದಿ. ಮೊದಲು ನಿರ್ಬಂಧ, ಆಮೇಲೆ ಗುರುತಿನ ಪರೀಕ್ಷೆ ಹೇಗೆ ಎಂಬುದು, ಅದಾದ ಮೇಲೆ ಪಾತ್ರಗಳ ಘೋಷಣೆ. ಹನ್ನೆರಡನ್ನೂ ಒಟ್ಟಿಗೆ ಇಟ್ಟರೆ ಪಾತ್ರ ನಡುವೆ ನುಸುಳಿದಂತಾಗುತ್ತದೆ. 2003ರ ಮುಂದಿನ ಆವೃತ್ತಿಯಲ್ಲಿ ಈ ಕಟ್ಟುನಿಟ್ಟು ಸಡಿಲವಾಯಿತು, ಆದರೆ ಈ ಪ್ರೋಗ್ರಾಮು ಅದಕ್ಕಿಂತ ಹಿಂದಿನ ಚೀಟಿಯನ್ನೇ ಹಿಡಿದುಕೊಂಡಿತ್ತು. ಒಂಬತ್ತು ಸಾಲಿಗೆ ಒಂದು ತುಂಡು, ಮೂರಕ್ಕೆ ಇನ್ನೊಂದು ಎಂದು ಬೇರೆ ಮಾಡಿದಳು. ಸರ್ವರ್ ಒಪ್ಪಿತು.

ಆ ಮೇಲೆ ಆಕೆ ಮಾಡಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಚೀಟಿಯನ್ನು ಅಳಿಸಿ ಹಾಕಿ ಯಂತ್ರವನ್ನು ಮತ್ತೆ ಓಡಿಸಿದಳು. ಮತ್ತೆ ಅಳಿಸಿದಳು, ಮತ್ತೆ ಓಡಿಸಿದಳು. ಪ್ರತಿ ಸಲವೂ 12 ಸಾಲು ಬಂದವು. ಗುಮಾಸ್ತರ ಹೆಸರಿನಲ್ಲಿ ರದ್ದು ಪುಟ ತೆರೆಯಲು ಹೋದಾಗ ಪ್ರತಿ ಸಲವೂ ಅನುಮತಿಯಿಲ್ಲ ಎಂದಿತು. ನಾನು ಅಡುಗೆಮನೆಯಿಂದ ಎರಡು ಬಾರಿ ಚಹಾ ತಂದುಕೊಟ್ಟದ್ದನ್ನು ಬಿಟ್ಟರೆ ಆ ದಿನ ನನ್ನ ಪಾತ್ರ ಏನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಪ್ರೋಗ್ರಾಮು ಸರ್ವರಿಗೇರಿತು. ಕನ್ನಡದ ರಸೀದಿ ಮಂಗಳವಾರದಿಂದ ಹೊರಟಿತು, ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ. ಸಂಘದವರು ಮೊದಲು ಗೊಣಗಿದರು. ಆಮೇಲೆ ಯಾರು ರದ್ದು ಮಾಡಬಹುದು ಎಂಬ ವಿಷಯ ತಿಳಿದಾಗ ಅವರ ಕಾರ್ಯದರ್ಶಿಗಳು ಎರಡೆರಡು ಬಾರಿ ಕೇಳಿ ಖಚಿತಪಡಿಸಿಕೊಂಡರಂತೆ.

ಪ್ರೊಬೇಷನ್ ಏನಾಯಿತು ಎಂದು ಕೇಳುತ್ತೀರಿ. ಮುಗಿಯಲಿಲ್ಲ, ಹೋಗೆಂದೂ ಹೇಳಲಿಲ್ಲ. ಮೂರು ತಿಂಗಳು ಮುಂದಕ್ಕೆ ಹಾಕಿದರು. ಕಾರಣ ಬರೆದುಕೊಡಲಿಲ್ಲ. ಆಪಾ ಅತ್ತರು, ದುಲ್ಹಾಭಾಯಿ ಮಗಳ ಪರವಾಗಿ ಒಂದು ಮಾತೂ ಆಡದೆ ಆಕೆಯ ಬಸ್ ಪಾಸಿಗೆ ದುಡ್ಡು ಎತ್ತಿಟ್ಟರು. ಆ ಮೂರು ತಿಂಗಳೂ ದಾಟಿ ಈಗ ಆಕೆ ಅಲ್ಲಿ ಖಾಯಂ ಆಗಿದ್ದಾಳೆ. ಸಂಬಳದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ.

ಮೊನ್ನೆ ಬಂದಿದ್ದಾಗ ಆ ಫೋಲ್ಡರಿನಲ್ಲಿ ತಾನು ಬರೆದಿಟ್ಟಿರುವ ಒಂದು ಪುಟದ ಟಿಪ್ಪಣಿ ತೋರಿಸಿದಳು. ಯಾವ ಸಾಲು ಎಲ್ಲಿ ಸೇರಿಸಬೇಕು, ಏಕೆ ಕೈಯಿಂದ ಚೀಟಿ ತಿದ್ದಬಾರದು, ಗಡಿಯಾರದ ತಾರೀಕು ಹೇಗೆ ನೋಡಬೇಕು, ಎಲ್ಲ ಇದೆ. ಇಂಗ್ಲಿಷಿನಲ್ಲಿ ಬರೆದು ಕೆಳಗೆ ಕನ್ನಡದಲ್ಲೂ ಬರೆದಿದ್ದಾಳೆ. ಕನ್ನಡ ಪ್ರಶ್ನೆಚಿಹ್ನೆಯಾಗದೆ ಕಾಣಿಸುತ್ತಿದ್ದರೆ ಯುಟಿಎಫ್-8 ಸರಿಯಾಗಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದಂತೆ. ಸಂಘದವರು ಈಗ ಇಡೀ ಪ್ರೋಗ್ರಾಮನ್ನು ಹೊಸ ಜಾವಾಕ್ಕೆ ಸಾಗಿಸುವ ಮಾತೆತ್ತಿದ್ದಾರೆ. ಎಕ್ಸ್‌ಡಾಕ್ಲೆಟ್ ತೆಗೆದು ಆ ಗುರುತುಗಳನ್ನೆಲ್ಲ ಭಾಷೆಯೊಳಗಿನ ಗುರುತುಗಳಾಗಿ ಬದಲಿಸಬೇಕು. "ಎಷ್ಟು ದಿನ ಬೇಕೆಂದು ಕೇಳಿದರು ಖಾಲಾ, ಆರು ತಿಂಗಳು ಎಂದೆ. ಮೂರು ಎಂದರು. ನಾನು ಆರು ಎಂದೇ ಹೇಳಿ ಬಂದಿದ್ದೇನೆ."